ಚಿಪ್ಪಿನೊಳಗಿನ ಕೊಲ್ಲಿ

ಮೃತ್ಯುಂಜಯಪ್ಪನವರ ಮನೆಯಲ್ಲಿ ಚೀಟಿ ಅಂಟಿಸದೆ ಉಳಿದಿದ್ದವರು ಅವರ ಹೆಂಡತಿ ಗೌರಮ್ಮನವರು ಒಬ್ಬರೇ. ಮಿಕ್ಕ ಎಲ್ಲಕ್ಕೂ ಚೀಟಿ ಇತ್ತು. ಬೆಂಕಿಪೊಟ್ಟಣದಷ್ಟು ಅಗಲದ ಬಿಳಿ ಕಾಗದ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಇರುವೆಸಾಲಿನಂಥ ಅಕ್ಷರ. ಉಪ್ಪಿನಕಾಯಿ ಜಾಡಿಯ ಮೇಲೆ ‘ಕುಲ: ಮಾವು. ಸಿಕ್ಕ ಜಾಗ: ಗೌರಮ್ಮನ ತವರು. ಆಳ: ಅರ್ಧ ಜಾಡಿ’ ಎಂದಿತ್ತು. ಹಿತ್ತಲ ಬಾವಿಗೆ ಒಂದು ತಗಡಿನ ಚೂರು ನೇತುಹಾಕಿ ‘ಆಳ: ಅಳೆದಿಲ್ಲ’ ಎಂದು ಬರೆದಿದ್ದರು. ಬಾವಿ ತೋಡಿದವರು ನಲವತ್ತಡಿ ಎಂದು ಹೇಳಿದ್ದರಂತೆ. ಆದರೆ ಹಗ್ಗ ಇಳಿಬಿಟ್ಟು ತಾವೇ ನೋಡದ ಮೇಲೆ ಬರೆಯುವುದು ಹೇಗೆ? ತಿಳಿಯದ್ದನ್ನು ಅಂದಾಜಿನ ಮೇಲೆ ಬರೆಯುವವನನ್ನು ಅವರು ಕಳ್ಳನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸುತ್ತಿದ್ದರು.

ಚಿತ್ರದುರ್ಗದ ಕಡೆಯ ಒಣನೆಲದಲ್ಲಿ ಹುಟ್ಟಿದ ಮನುಷ್ಯ. ಕಲ್ಕತ್ತೆಯ ಒಂದು ಮ್ಯೂಸಿಯಮ್ಮಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದ್ದರು. ಕೆಲಸ ಇಷ್ಟೇ: ಆಳ ಸಮುದ್ರದಿಂದ ಹಡಗುಗಳು ಎತ್ತಿ ತಂದ ಕೆಸರನ್ನು ಜರಡಿ ಹಿಡಿದು, ಅದರಲ್ಲಿ ಸಿಕ್ಕ ಪುಟ್ಟ ಪುಟ್ಟ ಕಪ್ಪೆಚಿಪ್ಪುಗಳನ್ನು ಯಾವುದು ಯಾವ ಕುಲಕ್ಕೆ ಸೇರಿದ್ದು ಎಂದು ಬೇರೆ ಮಾಡಿಡುವುದು. ನಿವೃತ್ತರಾದ ಮೇಲೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿದರು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು ಕಾಣುತ್ತಿದ್ದವು. ಬೀದಿಯವರು ಅವರನ್ನು ಕರೆಯುತ್ತಿದ್ದದ್ದು ಚಿಪ್ಪಪ್ಪನವರು ಎಂದು. ಅವರಿಗೂ ಅದು ಗೊತ್ತಿತ್ತು. ಗೌರಮ್ಮನವರಂತೂ ಬಂದವರ ಮುಂದೆಲ್ಲ ಹೇಳುತ್ತಿದ್ದರು: “ಮಿಕ್ಕೋರು ಗತಿಗೆಟ್ಟಾಗ ಚಿಪ್ಪು ಹಿಡೀತಾರೆ. ನಮ್ಮೋರು ಸಂಬಳ ತಗೊಂಡು ಹಿಡಿದ್ರು.”

ವಿಭೂತಿ ಧರಿಸದೆ ನೀರೂ ಮುಟ್ಟದ ಮನೆತನ ಅವರದು. ಕಪ್ಪೆಚಿಪ್ಪು ಮುಟ್ಟಿದ ಕೈಯಲ್ಲಿ ಅಡುಗೆಮನೆಯ ಹೊಸಿಲು ದಾಟಬಾರದು ಎಂಬುದು ಗೌರಮ್ಮನವರ ಕಾನೂನು. ಅದಕ್ಕೆ ಮೃತ್ಯುಂಜಯಪ್ಪನವರ ವಾದ ಬೇರೆ. “ಲೇ, ಒಳಗಿದ್ದೋನು ಯಾವಾಗ್ಲೋ ಮನೆ ಖಾಲಿ ಮಾಡ್ಕೊಂಡು ಹೋಗವ್ನೆ. ನಾನು ಬಾಗ್ಲು ಚಿಲಕ ನೋಡ್ತೀನಿ ಅಷ್ಟೇ.” ಹೀಗೆ ವಾದಿಸಿ, ಆಮೇಲೆ ಹೋಗಿ ಸ್ನಾನ ಮಾಡಿಕೊಂಡೇ ಬರುತ್ತಿದ್ದರು.

ನಾನು ಅವರ ಮನೆ ಹೊಕ್ಕಿದ್ದು ಚಿತ್ರ ಬರೆಯುವ ನನ್ನ ಕೈಯ ದೆಸೆಯಿಂದ. ಆಗ ನನಗೆ ಇಪ್ಪತ್ತನಾಲ್ಕು. ಹತ್ತಿರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ಸು. ನಮ್ಮದು ಯಡಿಯೂರಿನ ಹಳೇ ಒಕ್ಕಲು. ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಬ್ಲಾಕು, ಕ್ರಾಸು, ಮೈನು ಎಲ್ಲ ಎದ್ದಿದ್ದವು. ಒಂದು ದಿನ ಈ ಹಿರಿಯರು ಕೊಡೆ ಹಿಡಿದು ಶಾಲೆಗೇ ಬಂದು, ಕೈ ನಡುಗದೆ ಗೆರೆ ಎಳೆಯುವವರು ಯಾರಾದರೂ ಇದ್ದಾರೆಯೇ ಎಂದು ಹೆಡ್ಮಿಸ್ಸನ್ನು ಕೇಳಿದರು. ಅವರು ನನ್ನನ್ನು ತೋರಿಸಿದರು.

ಮೊದಲ ದಿನ ನಾನು ಹೋದಾಗ ಮೃತ್ಯುಂಜಯಪ್ಪನವರು ಪಡುವಣ ಕಿಟಕಿಯ ಪಕ್ಕ ಮೇಜಿನ ಮುಂದೆ ಕೂತಿದ್ದರು. ಕುರ್ಚಿ ತೋರಿಸಿದರು. ಕೂತೆ. ಕೈಯಲ್ಲೇನೋ ಹಿಡಿದುಕೊಂಡು, ತಲೆ ಎತ್ತದೆ ಕೇಳಿದರು.

“ಕುಲ ಯಾವುದು, ಹೇಳಿ ನೋಡೋಣ.”

ಮನೆಗೆ ಬಂದವರನ್ನು ಮೊದಲು ಅದನ್ನು ಕೇಳುವುದು ಆ ಕಾಲಕ್ಕೆ ಹೊಸದೇನಲ್ಲ. ಆದರೆ ಇಷ್ಟು ಓದಿದವರು, ನಾನು ಕೂತ ಕುರ್ಚಿ ಬೆಚ್ಚಗಾಗುವ ಮುಂಚೆ ಕೇಳಿದರಲ್ಲ ಎಂದು ಮೈ ಉರಿಯಿತು. “ಒಕ್ಕಲಿಗರು ಸಾರ್” ಎಂದೆ, ಬೇಕೆಂದೇ ಗಟ್ಟಿಯಾಗಿ.

ಅವರು ತಲೆ ಎತ್ತಿದರು. ಕೈ ಬಿಚ್ಚಿದರು. ಅಂಗೈಯಲ್ಲಿ ನಮ್ಮೂರ ಕೆರೆಯ ಒಂದು ಕಪ್ಪೆಚಿಪ್ಪು ಇತ್ತು.

“ನಿಮ್ದಲ್ಲಮ್ಮಾ, ಇದರದ್ದು!”

ಒಳಗೆ ಗೌರಮ್ಮನವರು ನಕ್ಕದ್ದು ನನಗೆ ಕೇಳಿಸಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವರು ಮಾತ್ರ ನಗಲಿಲ್ಲ. “ನಮ್ಮ ಶಾಸ್ತ್ರದಲ್ಲಿ ಕುಲ ಅಂದ್ರೆ ಹತ್ತಿರದ ನೆಂಟರ ಗುಂಪು ಅಷ್ಟೇ. ಅದನ್ನ ಹಲ್ಲು ನೋಡಿ ಹೇಳ್ತೀವಿ, ಹಣೆ ನೋಡಿ ಅಲ್ಲ” ಎಂದು ಸಮಾಧಾನ ಮಾಡಿದರು. ಆ ದಿನದಿಂದ ನನ್ನ ಕುಲ ಆ ಮನೆಯಲ್ಲಿ ಎಲ್ಲರಿಗೂ ತಿಳಿದಂತಾಯಿತು. ನನಗೆ ಕಾಫಿ ಬರುತ್ತಿದ್ದದ್ದು ಕಿಟಕಿಯ ಗೂಡಿನಲ್ಲಿ ಬೇರೆಯಾಗಿ ಇಡುತ್ತಿದ್ದ, ಕಂಠ ಸ್ವಲ್ಪ ಸೊಟ್ಟಗಿದ್ದ ಒಂದು ಹಿತ್ತಾಳೆ ಲೋಟದಲ್ಲಿ. ಗೌರಮ್ಮನವರು ಅದನ್ನು ಪ್ರೀತಿಯಿಂದಲೇ ತಂದುಕೊಡುತ್ತಿದ್ದರು. ಪ್ರೀತಿ ಬೇರೆ, ಲೋಟ ಬೇರೆ ಎಂದು ನಾನೂ ಕುಡಿಯುತ್ತಿದ್ದೆ.

ಮೃತ್ಯುಂಜಯಪ್ಪನವರು ಪಾಠ ಶುರುಮಾಡಿದ್ದು ಅವರೆಕಾಯಿಯಿಂದ. ಮಾರ್ಗಶಿರದ ಚಳಿ, ಬೀದಿಯೆಲ್ಲ ಸೊಗಡಿನ ವಾಸನೆ. ಗೌರಮ್ಮನವರ ಮೊರದಿಂದ ಒಂದು ಕಾಯಿ ಎತ್ತಿಕೊಂಡು ಸೀಳಿ ತೋರಿಸಿದರು. “ನೋಡಿ, ಎರಡು ಹೋಳು. ಒಂದು ಕಡೆ ಅಂಟ್ಕೊಂಡವೆ, ಇನ್ನೊಂದು ಕಡೆ ತೆರ್ಕೊಳ್ತವೆ. ಅಂಟ್ಕೊಂಡಿರೋ ಕಡೆ ಕೀಲು. ಕಪ್ಪೆಚಿಪ್ಪಿನ ಜಾತಕ ಎಲ್ಲಾ ಆ ಕೀಲಿನ ಹತ್ರ ಇರ್ತದೆ.” ಆಳ ಸಮುದ್ರದ ಚಿಪ್ಪುಗಳಲ್ಲಿ ಕೀಲಿನ ಉದ್ದಕ್ಕೂ ಬಾಚಣಿಗೆಯಂತೆ ಸಣ್ಣ ಹಲ್ಲುಗಳಿರುತ್ತವೆ. ಒಂದು ಹೋಳಿನ ಹಲ್ಲು ಇನ್ನೊಂದರ ಸಂದಿಗೆ ಕೂತು, ಜೀವ ಒಳಗೆ ಭದ್ರವಾಗಿರುತ್ತದೆ. ಹೋಳುಗಳನ್ನು ಹಿಡಿದಿಡುವ ನಾರು ಯೋಲ್ಡಿಯಾ ಎಂಬ ಕುಲದಲ್ಲಿ ಒಳಗೆ, ಚಮಚದಂಥ ಒಂದು ಪುಟ್ಟ ಗುಳಿಯಲ್ಲಿ ಇರುತ್ತದೆ. ಮ್ಯಾಲೆಟಿಯಾ, ಟಿಂಡಾರಿಯಾ ಎಂಬೆರಡು ಕುಲಗಳಲ್ಲಿ ಅದು ಹೊರಗೇ ಇರುತ್ತದೆ. ಹಾಗಾಗಿ ಯೋಲ್ಡಿಯಾವನ್ನು ಗುರುತಿಸುವುದು ಸುಲಭ. ತಲೆನೋವು ಮಿಕ್ಕ ಇಬ್ಬರದು. ಗೌರಮ್ಮನವರ ಬಾಯಲ್ಲಿ ಅವರು ಮಾಲತಿ ಮತ್ತು ತಿಂಡಿ ಆಗಿದ್ದರು. “ಏನ್ರೀ, ಇವತ್ತು ಮಾಲ್ತಿನೋ, ತಿಂಡಿನೋ? ಮನುಷ್ಯರ ತಿಂಡಿ ತಣ್ಣಗಾಯ್ತಾ ಐತೆ” ಎಂದು ಬೆಳಗ್ಗೆ ಕೂಗುತ್ತಿದ್ದರು.

ಮಾಲತಿಯ ಹೊರಮೈ ನುಣುಪು, ತಿಂಡಿಯ ಹೊರಮೈ ಮೇಲೆ ಒಂದರ ಸುತ್ತ ಒಂದು ಗೆರೆ ಎದ್ದಿರುತ್ತದೆ. ಹೊರಮೈ ಸವೆದಿದ್ದರೆ ಒಳಗೆ ನೋಡಬೇಕು. ಚಿಪ್ಪಿನ ಒಳಗೆ, ಅಂಚಿಗಿಂತ ತುಸು ಮೇಲೆ, ಒಂದು ಸಣ್ಣ ಗೆರೆ ಓಡುತ್ತದೆ. ಜೀವದ ಮೈ ಚಿಪ್ಪಿಗೆ ಅಂಟಿಕೊಂಡಿದ್ದ ಗುರುತು ಅದು. ಮ್ಯಾಲೆಟಿಯಾದಲ್ಲಿ ಆ ಗೆರೆ ಹಿಂಬದಿಗೆ ಬಂದಾಗ ಒಳಕ್ಕೆ ಬಾಗಿ ಮತ್ತೆ ಹೊರಗೆ ಬರುತ್ತದೆ. ಅದಕ್ಕೆ ಮೃತ್ಯುಂಜಯಪ್ಪನವರು ಕೊಲ್ಲಿ ಎಂದು ಹೆಸರಿಟ್ಟಿದ್ದರು.

“ಇದಕ್ಕೆ ನೀರು ಎಳ್ಕೊಳ್ಳೋ ಕೊಳವೆ ಇರ್ತದೆ. ಹೆದರಿದಾಗ ಅದನ್ನ ಒಳಕ್ಕೆ ಎಳ್ಕೊಂಡು ಎಲ್ಲಿಡಬೇಕು? ಕೊಲ್ಲೀಲಿ. ಟಿಂಡಾರಿಯಾಗೆ ಅಂಥ ಕೊಳವೇನೂ ಇಲ್ಲ, ಕೊಲ್ಲೀನೂ ಇಲ್ಲ. ಗೆರೆ ತಟ್ಟೆ ಅಂಚಿನ ಥರ ಸಲೀಸಾಗಿ ಹೋಗ್ತದೆ. ಕೊಲ್ಲಿ ಇದ್ರೆ ಒಂದು ಕುಲ, ಇಲ್ದಿದ್ರೆ ಇನ್ನೊಂದು. ತಿಳೀತಾ?”

ತಿಳಿಯಿತು ಎಂದೆ. ತಿಳಿದಿರಲಿಲ್ಲ. ಅವರ ಬಳಿಯಿದ್ದ ಒಂದು ಒಡಕು ಮ್ಯಾಲೆಟಿಯಾವನ್ನು ಮಸೂರದಲ್ಲಿ ನೋಡಿ ದೊಡ್ಡದಾಗಿ ಬರೆದೆ. ಚಿಕ್ಕಂದಿನಿಂದ ಬಾಗಿಲಲ್ಲಿ ರಂಗೋಲಿ ಹಾಕಿದ ಕೈ ನನ್ನದು. ಎಡಕ್ಕೆ ಹೇಗೋ ಬಲಕ್ಕೂ ಹಾಗೇ ಬರಬೇಕು. ಆ ಗೆರೆ ಹಿಂದೆ ಹೋಗಿ ಇಲಿ ಕಚ್ಚಿದಂತೆ ಒಳಕ್ಕೆ ತಿರುಗಿದ್ದು ನನ್ನ ಕಣ್ಣಿಗೆ ಕುಂದಾಗಿ ಕಂಡು, ಅದನ್ನು ಚೆಂದವಾಗಿ ನೇರ ಮಾಡಿದೆ. ಅವರು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

“ಯಾರಮ್ಮಾ ಇವ್ಳು?”

“ಮ್ಯಾಲೆಟಿಯಾ ಸಾರ್.”

“ಕೊಲ್ಲಿ ಎಲ್ಲಿ?”

“ಸ್ವಲ್ಪ ಸೊಟ್ಟಗಿತ್ತು ಸಾರ್. ತಿದ್ದಿದೆ.”

ಅವರು ಕುರ್ಚಿಯಿಂದ ಎದ್ದೇಬಿಟ್ಟರು. “ತಿದ್ದಿದ್ಯಾ! ಸಮುದ್ರಕ್ಕೆ ಮಣ್ಣು ತುಂಬಿಬಿಟ್ಟೆಯಲ್ಲೇ ತಾಯಿ! ಕೆರೆ ಮುಚ್ಚಿ ಸೈಟು ಮಾಡ್ತಾರಲ್ಲ, ಅವರ ಪೈಕಿ ಆಗ್ಬಿಟ್ಟೆ. ಒಂದು ಗೆರೇಲಿ ಒಂದು ಜೀವದ ಕುಲ ಕೆಡಿಸ್ದೆ. ಇರೋದನ್ನ ಇರೋ ಹಾಗೆ ಬರಿ. ಚೆಂದ ಮಾಡೋಕೆ ನೀನ್ಯಾರು?”

ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವರು ಆ ಸಿಟ್ಟಿನಲ್ಲಿ ‘ನೀನು’ ಎಂದರು. ಆಮೇಲೆ ವಾಪಸು ‘ನೀವು’ ಬರಲೇ ಇಲ್ಲ. ಬೈಸಿಕೊಂಡು ಮನೆಗೆ ಹೋಗುವಾಗ ನನಗೆ ಅಳುವಿಗಿಂತ ಹೆಚ್ಚಾಗಿ ಒಂಥರಾ ಖುಷಿಯೇ ಆಗಿತ್ತು. ನಮ್ಮಪ್ಪ ಹೋದ ಮೇಲೆ ನನ್ನನ್ನು ಹಾಗೆ ಹಕ್ಕಿನಿಂದ ಬೈದವರು ಯಾರೂ ಇರಲಿಲ್ಲ.

ಹೀಗೆ ಎರಡು ವರ್ಷ ಶನಿವಾರದ ಮಧ್ಯಾಹ್ನಗಳೆಲ್ಲ ಚಿಪ್ಪಿಗೆ ಹೋದವು. ನನ್ನ ಕೈ ಪಳಗುತ್ತಾ ಬಂತು, ಅವರ ಕಣ್ಣಿಗೆ ಪೊರೆ ಬಲಿಯುತ್ತಾ ಬಂತು. ಆಗಲೇ ಅವರು ನನ್ನನ್ನು ಕರೆಸಿಕೊಂಡ ನಿಜವಾದ ಕಾರಣ ಬಾಯಿಬಿಟ್ಟದ್ದು.

ಇಪ್ಪತ್ತಾರನೇ ವಯಸ್ಸಿನಲ್ಲಿ, ಬಂಗಾಳ ಕೊಲ್ಲಿಯ ಆಳದಿಂದ ಬಂದ ಕೆಸರಿನಲ್ಲಿ ಅವರಿಗೆ ಹುಣಿಸೆಬೀಜದಷ್ಟು ದೊಡ್ಡ ಒಂದು ಹೋಳು ಸಿಕ್ಕಿತಂತೆ. ಯಾರೂ ಕಾಣದ ಹೊಸ ಜೀವ. ಹೊರಮೈ ಸವೆದಿತ್ತು. ಒಳಗೆ ಇವರಿಗೆ ಕೊಲ್ಲಿ ಕಂಡಿತು. ಮೇಲಿನ ದೊಡ್ಡ ಸಾಹೇಬರಿಗೆ ಕಾಣಲಿಲ್ಲ. ಅವರು ಅದನ್ನು ಟಿಂಡಾರಿಯಾ ಕುಲಕ್ಕೆ ಸೇರಿಸಿ ಹೆಸರಿಟ್ಟು ಅಚ್ಚು ಹಾಕಿಸಿದರು. ಇವರು ಇಲ್ಲ ಸಾರ್, ಕೊಲ್ಲಿ ಇದೆ ಎಂದಾಗ, ಇಡೀ ವಿಭಾಗದ ಎದುರಿಗೆ “ಹೋಗಿ ಕಣ್ಣು ತೊಳೆದುಕೊಂಡು ಬಾ” ಎಂದರಂತೆ.

“ನಾನು ಹೋಗಿ ತೊಳ್ಕೊಂಡೂ ಬಂದೆ ಕಣಮ್ಮಾ. ಆಮೇಲೆ ನಂಗೆ ಆ ಚಿಪ್ಪು ಮುಟ್ಟೋಕೆ ಬಿಡ್ಲಿಲ್ಲ. ಸಾಹೇಬರು ಸತ್ತು ಎಷ್ಟೋ ವರ್ಷ ಆಯ್ತು. ಕಣ್ಣು ಮುಚ್ಚಿದ್ರೆ ಇವತ್ತಿಗೂ ಆ ಕೊಲ್ಲಿ ಕಾಣ್ತದೆ ನಂಗೆ. ಬಂಗಾಳ ಕೊಲ್ಲೀಲಿ ಸಿಕ್ಕಿದ್ ಚಿಪ್ಪು, ಅದರೊಳಗೆ ಒಂದು ಕೊಲ್ಲಿ ಇರಬಾರ್ದಾ?” ಎಂದು ನಕ್ಕರು.

ಆ ಚಿಪ್ಪನ್ನು ಮ್ಯಾಲೆಟಿಯಾ ಕುಲಕ್ಕೆ ಸೇರಿಸಬೇಕು ಎಂದು ಒಂದು ಲೇಖನ ಬರೆದು, ಚಿತ್ರದ ಸಮೇತ ಅಚ್ಚಾಗಿಸಿ, ಆಮೇಲೆ ಕಣ್ಣಿನ ಆಪರೇಷನ್ನಿಗೆ ಹೋಗಬೇಕು ಎನ್ನುವುದು ಅವರ ಆಸೆ. ಆಪರೇಷನ್ ಕೆಟ್ಟರೆ ಕತ್ತಲೆಯೇ ಗತಿ ಎಂಬ ಹೆದರಿಕೆ ಆಗ ಎಲ್ಲರಿಗೂ ಇತ್ತು. ಅವರ ಕೈಕೆಳಗೆ ಕಲಿತವರೊಬ್ಬರು ಮ್ಯೂಸಿಯಮ್ಮಿನಲ್ಲಿ ಮೇಲಕ್ಕೆ ಬಂದಿದ್ದರಿಂದ, ಮೂರು ತಿಂಗಳ ಮಟ್ಟಿಗೆ ಎಂದು ಚಿಪ್ಪು ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ತಗಡಿನ ಡಬ್ಬಿ, ಅದರಲ್ಲಿ ಹತ್ತಿ, ಹತ್ತಿಯೊಳಗೆ ಗಾಜಿನ ಕುಪ್ಪಿ, ಅದರ ತಳದಲ್ಲಿ ಆ ಹೋಳು. ಮೃತ್ಯುಂಜಯಪ್ಪನವರು ಅದನ್ನು ಅಂಗೈ ಮೇಲೆ ಹಾಕಿಕೊಂಡು ತುಂಬಾ ಹೊತ್ತು ಕೂತಿದ್ದರು. ಮಸೂರ ಹಿಡಿದರೂ ಅವರಿಗೆ ಕಂಡದ್ದು ಹಾಲಿನಂಥ ಬಿಳುಪು ಮಾತ್ರ.

“ನೀನು ನೋಡು. ನೋಡಿ ಬರಿ” ಎಂದರು.

ನೋಡಿದೆ. ಒಳಮೈ ಫಳಫಳ ಹೊಳೆಯುತ್ತಿತ್ತು. ಹಲ್ಲುಗಳು ಒಂದೊಂದೂ ಸ್ಪಷ್ಟ. ಗೆರೆ ಮಾತ್ರ ಹೊಳಪಿನಲ್ಲಿ ಅಲ್ಲಲ್ಲಿ ಕಂಡು ಅಲ್ಲಲ್ಲಿ ಮಾಯವಾಗುತ್ತಿತ್ತು. ಕಂಡಷ್ಟು ದೂರ ಅದು ಸಲೀಸಾಗಿಯೇ ಓಡುತ್ತಿತ್ತು. ಭಾನುವಾರ ಬೆಳಗಿನ ಬಿಸಿಲಲ್ಲಿ ನೋಡಿದೆ, ಸಂಜೆಯ ಬಿಸಿಲಲ್ಲಿ ನೋಡಿದೆ. ಎಂಟು ದಿನ ಸ್ಕೂಲು ಮುಗಿದ ಕೂಡಲೇ ಓಡಿಬಂದು ನೋಡಿದೆ. ದಿನಾ ಅವರು ಕೇಳುತ್ತಿದ್ದದ್ದು ಒಂದೇ: “ಏನಾದ್ರೂ ಕಾಣ್ತಾ?” ಕೇಳಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಒಂಬತ್ತನೇ ದಿನ ನನಗೆ ತಡೆಯಲಾಗಲಿಲ್ಲ. “ಕಾಣ್ತು ಸಾರ್” ಎಂದೆ. ಗೆರೆ ಎಳೆದೆ, ಹಿಂಬದಿಯಲ್ಲಿ ಒಳಕ್ಕೆ ಬಾಗಿಸಿದೆ, ಒಳ್ಳೇ ಆಳವಾದ ಕೊಲ್ಲಿ.

ಅವತ್ತು ಆ ಮನೆಯಲ್ಲಿ ಶಾವಿಗೆ ಪಾಯಸ. ಗೌರಮ್ಮನವರು ಸೊಟ್ಟ ಲೋಟ ತುಂಬಾ ಕೊಟ್ಟರು. “ಮೂವತ್ತು ವರ್ಷದಿಂದ ಈ ಚಿಪ್ಪು ನಂ ಸವತಿ ಕಣವ್ವಾ. ಇವತ್ತು ಬಗೆಹರೀತು” ಎಂದರು. ನಾನು ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ.

ಎರಡು ದಿನ ಬಿಟ್ಟು ಮೃತ್ಯುಂಜಯಪ್ಪನವರು ಲೇಖನ ಬರೆಯುತ್ತಾ ಕೇಳಿದರು: “ಕೊಲ್ಲಿ ತುದಿ ಎಷ್ಟನೇ ಹಲ್ಲಿನ ಕೆಳಗೆ ಬರ್ತದೆ?” ಒಂಬತ್ತನೇದು ಎಂದೆ. ಬರೆದುಕೊಂಡರು. ಮುಂದಿನ ಶನಿವಾರ ಶುದ್ಧಪ್ರತಿ ಮಾಡುವಾಗ ಮತ್ತೆ ಅದನ್ನೇ ಕೇಳಿದರು. ನನಗೆ ಹಿಂದಿನ ಉತ್ತರ ಮರೆತಿತ್ತು. ಹನ್ನೊಂದನೇದು ಎಂದೆ.

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಅವತ್ತು ಇರೋ ಕೊಲ್ಲಿ ಮುಚ್ಚಿದ್ದೆ. ಇವತ್ತು ಇಲ್ಲದ ಕಡೆ ತೋಡಿದೀಯ. ಯಾಕಮ್ಮಾ?”

“ನಿಮಗೋಸ್ಕರ ಸಾರ್” ಎಂದು ಅತ್ತುಬಿಟ್ಟೆ.

“ನಂಗೋಸ್ಕರ ಅಂದ್ರೆ ನಿಜ ಹೇಳು. ಏನು ಕಂಡಿದೀಯ?”

“ಹೊಳಪು ಸಾರ್. ಗೆರೆ ಪೂರ್ತಿ ಕಾಣೋದೇ ಇಲ್ಲ.”

ಅವರು ಎದ್ದು, ಗೋಡೆ ಹಿಡಿದುಕೊಂಡು ಪೂಜೆಯ ಕೋಣೆಗೆ ಹೋಗಿ ವಿಭೂತಿ ಗಟ್ಟಿ ತಂದರು. ಉಗುರಿನಿಂದ ಕೆರೆದು ಒಂದು ಚಿಟಿಕೆ ಪುಡಿ ಮಾಡಿದರು. ನನ್ನ ಅತ್ಯಂತ ಮೆದುವಾದ ಕುಂಚ ಕೇಳಿ ಇಸಿದುಕೊಂಡು, ಆ ಪುಡಿಯನ್ನು ಚಿಪ್ಪಿನ ಒಳಮೈಗೆ ಹೂವಿನ ಧೂಳು ಬಿದ್ದಂತೆ ಸವರಿದರು. ಕಣ್ಣು ಕಾಣದಿದ್ದರೂ ಬೆರಳು ತಪ್ಪಲಿಲ್ಲ. “ಹೊಳಪು ಸತ್ರೆ ಗೆರೆ ಏಳ್ತದೆ. ಅವತ್ತೇ ನಂಗೆ ಇದು ಹೊಳೀಬೇಕಿತ್ತು” ಎಂದರು. ಬಾಗಿಲಲ್ಲಿ ನಿಂತಿದ್ದ ಗೌರಮ್ಮನವರು, ಕಪ್ಪೆಚಿಪ್ಪಿಗೆ ವಿಭೂತಿ ಬಿದ್ದದ್ದು ಕಂಡು ಶಿವಶಿವಾ ಎಂದರು, ಆದರೆ ತಡೆಯಲಿಲ್ಲ.

ನಾಲ್ಕು ಗಂಟೆಯ ಬಿಸಿಲು ಪಡುವಣ ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಮಸೂರ ಹಿಡಿದೆ. ಗೆರೆ ಎದ್ದಿತ್ತು, ಒಂದು ತುದಿಯಿಂದ ಇನ್ನೊಂದು ತುದಿಗೆ. ಎಲ್ಲೂ ಕಡಿಯದೆ, ಎಲ್ಲೂ ಬಾಗದೆ, ತಟ್ಟೆಯ ಅಂಚಿನ ಹಾಗೆ.

“ಹೇಳು.”

“ಕೊಲ್ಲಿ ಇಲ್ಲ ಸಾರ್.”

“ಇನ್ನೊಂದ್ಸಲ ನೋಡು.”

ನೋಡಿದೆ. “ಇಲ್ಲ ಸಾರ್.”

“ಸರಿ ಹಂಗಾದ್ರೆ. ಟಿಂಡಾರಿಯಾ. ಸಾಹೇಬರು ಹೇಳಿದ್ದು ಸರಿ” ಎಂದರು. ಚಿಪ್ಪನ್ನು ಕುಪ್ಪಿಗೆ ಹಾಕಲು ಹೋಗಿ, ಬೇಡವೆಂದು ನನಗೇ ಕೊಟ್ಟರು. “ಅವತ್ತು ನಾನು ಕಂಡಿದ್ದೇನೋ ಏನೋ. ಹತ್ತಿ ಎಳೆ ಇತ್ತೋ, ಹೊಸ ಮ್ಯಾಲೆಟಿಯಾ ಹಿಡಿದೆ ಅನ್ನೋ ಆಸೆ ಇತ್ತೋ. ಇಷ್ಟು ವರ್ಷ ಆ ಪುಣ್ಯಾತ್ಮನ ಮೇಲೆ ಕೋಪ ಇಟ್ಕೊಂಡಿದ್ದೆ ಕಣಮ್ಮಾ. ಈಗ ಅದನ್ನ ಎಲ್ಲಿ ತಗೊಂಡ್ ಹೋಗಿ ಇಡ್ಲಿ?”

ಸುಳ್ಳು ಚಿತ್ರವನ್ನು ಹರಿದುಬಿಡುತ್ತೇನೆ, ಕೊಡಿ ಎಂದು ಕೇಳಿದೆ. “ಬಿಡು, ನಾನೇ ಹರೀತೀನಿ” ಎಂದು ತಮ್ಮ ಕಡತದೊಳಗೆ ಇಟ್ಟುಕೊಂಡರು.

ಅವರು ಹನ್ನೆರಡು ಪುಟದ ಲೇಖನ ಬಿಸಾಕಿ ಒಂದೇ ಪುಟ ಬರೆದರು. ಈ ಚಿಪ್ಪು ಟಿಂಡಾರಿಯಾವೇ ಸರಿ, ಅಲ್ಲವೆಂದು ವಾದಿಸುತ್ತಾ ಬಂದ ತಮ್ಮದೇ ತಪ್ಪು, ಹೊಳಪನ್ನು ಪುಡಿಯಿಂದ ಅಡಗಿಸಿ ಓರೆ ಬೆಳಕಿನಲ್ಲಿ ನೋಡಿದರೆ ಯಾರಿಗಾದರೂ ಕಾಣುತ್ತದೆ ಎಂಬುದು ಅದರ ಸಾರ. ಯಾವ ಪುಡಿ ಎಂದು ಬರೆಯಲಿಲ್ಲ. ನಾನು ಹೊಸದಾಗಿ ಬರೆದ ಚಿತ್ರ ಅದರ ಜೊತೆ ಅಚ್ಚಾಯಿತು, ಕೆಳಗೆ ನನ್ನ ಹೆಸರು. ಗೆದ್ದದ್ದನ್ನು ಹೇಳಿಕೊಳ್ಳಲು ಜನ ಪುಸ್ತಕವನ್ನೇ ಬರೆಯುತ್ತಾರೆ. ಸೋತದ್ದನ್ನು ಹೇಳಲು ಹೀಗೆ ಅಚ್ಚುಕಟ್ಟಾಗಿ ಕೂತು ಬರೆದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಕಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡ ವಾರದಲ್ಲಿ ನಾನು ನೋಡಲು ಹೋದೆ. ನನ್ನ ಮುಖವನ್ನು ಹತ್ತಿರದಿಂದ ದಿಟ್ಟಿಸಿ, “ಗಲ್ಲದ ಮೇಲೆ ಮಚ್ಚೆ ಐತೆ ನಿಂಗೆ! ಎರಡು ವರ್ಷದಿಂದ ನಂಗೆ ಗೊತ್ತೇ ಇರ್ಲಿಲ್ಲ” ಎಂದು ಸಂಭ್ರಮಪಟ್ಟರು. ಚಿಪ್ಪು ಆ ಹೊತ್ತಿಗೆ ಕಲ್ಕತ್ತೆಗೆ ವಾಪಸು ಹೋಗಿಯಾಗಿತ್ತು. ಇನ್ನೊಂದು ಸಲ ತರಿಸಿ ನೀವೇ ನೋಡಬಾರದೇ ಎಂದು ಕೇಳಿದೆ. “ಯಾಕೆ? ನೀನು ನೋಡಿದ್ಯಲ್ಲ” ಎಂದರು. ಆ ಮಾತಿಗೆ ನನ್ನ ಹೊಟ್ಟೆ ತುಂಬಿತು. ನಾನು ಅವರನ್ನು ಕಂಡದ್ದು ಅದೇ ಕೊನೆ. ಬೇಸಿಗೆ ರಜಕ್ಕೆ ಅಕ್ಕನ ಊರಿಗೆ ಹೋಗಿ ಬರುವಷ್ಟರಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಮಾತನಾಡಿಸಲು ಹೋದಾಗ ಗೌರಮ್ಮನವರು ನಡುಮನೆಯಲ್ಲಿ ನಿಲ್ಲದೆ “ಬಾ” ಎಂದು ಒಳಗೆ ನಡೆದರು. ಅಡುಗೆಮನೆಯ ಹೊಸಿಲಲ್ಲಿ ನಾನು ತಡೆದು ನಿಂತೆ. “ಬಾ ಅಂದೆನಲ್ಲ” ಎಂದರು. ಹೋಗಿ ಮಣೆಯ ಮೇಲೆ ಕೂತೆ. ಎರಡು ಲೋಟಕ್ಕೆ ಕಾಫಿ ಬಗ್ಗಿಸಿದರು. ಎರಡೂ ಒಂದೇ ಥರದ ಲೋಟ. ಕಿಟಕಿಯ ಗೂಡು ಖಾಲಿ ಇತ್ತು.

“ಅವರ ಕಾಗ್ದ ಜೋಡಿಸ್ತಿದ್ದೆ. ಇದು ನಿಂದು” ಎಂದು ಒಂದು ಲಕೋಟೆ ಕೊಟ್ಟರು.

ಒಳಗೆ ನನ್ನ ಸುಳ್ಳು ಚಿತ್ರ ಇತ್ತು. ಅವರು ಹರಿದಿರಲಿಲ್ಲ. ನಾನು ತೋಡಿದ ಕೊಲ್ಲಿ ಹಾಗೇ ಇತ್ತು. ತಿರುಗಿಸಿದೆ. ಹಿಂದುಗಡೆ, ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚೀಟಿ ಅಂಟಿಸಿತ್ತು. ಆಪರೇಷನ್ ಆದ ಮೇಲೆ ಬರೆದದ್ದಿರಬೇಕು, ಇರುವೆಸಾಲು ಮೊದಲಿನಂತೆಯೇ ನೆಟ್ಟಗಿತ್ತು.

‘ಕುಲ: ನಮ್ಮದೇ. ಸಿಕ್ಕ ಜಾಗ: ಜಯನಗರ. ಆಳ: ಅಳೆದಿಲ್ಲ.’